ಡಬ್ಬಿ ಮ್ಯಾಲ 'ಡಿಮ್ಮೇಬಲ್' ಅಂತ ಐತಿ, ಆದ್ರೂ ಬಲ್ಬ್ ಯಾಕ ಮಿಣುಕತೈತಿ?

ಸಿಎಫ್‌ಎಲ್ ಬಲ್ಬ್ ಬಂದ್ ಆಗತಾವ ಅನ್ನೋ ಸುದ್ದಿ ಬಂದಾಗಿಂದ ಮಂದಿ ತಲ್ಯಾಗ ಮೂರು ಥರದ ಗೊಂದಲ ಒಟ್ಟಿಗೇ ಹೊಕ್ಕೈತಿ. ಮನ್ಯಾಗ ಉರಿಯೋ ಸಿಎಫ್‌ಎಲ್ ಈಗಿಂದೀಗ ಕಿತ್ತು ಹಾಕಬೇಕೇನು? ಅದರ ಬದ್ಲಿ ಎಲ್‌ಇಡಿ ಹಾಕಿದ್ರ ಹಳೇ ಡಿಮ್ಮರ್ (ಬೆಳಕು ಮಂದ ಮಾಡೋ ಸ್ವಿಚ್) ನಡೀತೈತೋ ಇಲ್ಲೋ? ಹೆಂಗೂ ಬದಲಿ ಮಾಡೋದೇ ಆದ್ರ ಮೊಬೈಲ್‌ನಿಂದ ನಡಿಯೋ ಸ್ಮಾರ್ಟ್ ಸ್ವಿಚ್ಚೇ ಹಾಕಿಸಿಬಿಟ್ರ ಹೆಂಗ? ಬೆಳಗಾವಿ, ಬಾಗಲಕೋಟಿ, ವಿಜಯಪುರದಾಗ ಈಗ ಹೊಸಾ ಮನಿ ಕಟ್ಟಿಸೋರ ಮುಂದ, ಹಳೇ ಮನಿ ವೈರಿಂಗ್ ಬದಲಿಸೋರ ಮುಂದ ಇದೇ ಪ್ರಶ್ನಿ ಐತಿ. ಉತ್ತರ ಇಲ್ಲಂತಲ್ಲ, ಅದು ಮೂರ್ನಾಕು ಕಡೆ ಹಂಚಿಹೋಗೈತಿ. ಒಂದಿಷ್ಟು ಬಲ್ಬ್ ಕಂಪನಿ ಕಡೆ, ಒಂದಿಷ್ಟು ಸ್ವಿಚ್ ಕಂಪನಿ ಕಡೆ, ಒಂದಿಷ್ಟು ವಾಯರಮನ್ ಕೈಯಾಗ, ಉಳಿದಿದ್ದು ನಮ್ಮ ಗ್ವಾಡಿ ಒಳಗಿನ ವೈರಿನ್ಯಾಗ.

ಸುದ್ದಿ ಏನು ಹೇಳತೈತಿ, ಏನು ಹೇಳಂಗಿಲ್ಲ

ಸಿಎಫ್‌ಎಲ್ ಒಳಗ ಪಾದರಸ ಇರತೈತಿ, ಕೆಲವೇ ಮಿಲಿಗ್ರಾಂ ಖರೆ, ಆದ್ರ ಕೋಟಿಗಟ್ಟಲೆ ಬಲ್ಬ್ ಒಡದು ಕಸಕ್ಕ ಬಿದ್ರ ಅದೇ ದೊಡ್ಡ ಲೆಕ್ಕ ಆಗತೈತಿ. ಪಾದರಸ ಕಡಿಮಿ ಮಾಡಾಕ ಅಂತಾನ ಮಿನಮಾಟಾ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಐತಿ, ಭಾರತ ಇದಕ್ಕ 2018ರಾಗ ಸೇರಿತು. 2022ರಾಗ ಬಾಲಿ ಒಳಗ ನಡೆದ ಸಭೆಯಾಗ, 30 ವ್ಯಾಟ್ ಮತ್ತ ಅದಕ್ಕಿಂತ ಕಡಿಮಿ ಇರೋ, ಚೋಕ್ ಒಳಗೇ ಇರೋ ಸಿಎಫ್‌ಎಲ್‌ಗಳಿಗೆ 2025ರ ಗಡುವು ಅಂತ ತೀರ್ಮಾನ ಆತು. ಗಡುವು ಇರೋದು ತಯಾರಿಕೆ, ಆಮದು, ರಫ್ತಿಗೆ. ನಿಮ್ಮ ಮನಿ ಹೋಲ್ಡರ್‌ನ್ಯಾಗ ಉರೀತಿರೋ ಬಲ್ಬಿಗೆ ಅದು ಏನೂ ಮಾಡಂಗಿಲ್ಲ, ಅದರ ಆಯುಷ್ಯ ಮುಗಿಯೋತನಕ ಉರಿಲಿ. ಡಿಮ್ಮರ್ ಬಗ್ಗೆ, ಸ್ಮಾರ್ಟ್ ಸ್ವಿಚ್ ಬಗ್ಗೆ ಆ ಒಪ್ಪಂದದಾಗ ಒಂದು ಮಾತೂ ಇಲ್ಲ.

ನಿಜವಾದ ಬದಲಾವಣಿ ಇದಕ್ಕಿಂತ ಹಿಂದೇ ಆಗಿಹೋಗೈತಿ. 2015ರ ಜನವರಿಯಾಗ ಕೇಂದ್ರದ ಉಜಾಲಾ ಯೋಜನೆ ಬಂತು, ನಮ್ಮ ರಾಜ್ಯದಾಗ ಅದು 'ಹೊಸ ಬೆಳಕು' ಅನ್ನೋ ಹೆಸರಿನ್ಯಾಗ ನಡೀತು. 9 ವ್ಯಾಟಿನ ಎಲ್‌ಇಡಿ ಮನಿಮನಿಗೆ ಹೊಕ್ಕಿದ್ದು ಆವಾಗ. ಆ ಬಲ್ಬ್ ಆನ್-ಆಫ್ ಮಾಡಾಕ ಅಂತ ಮಾಡಿದ್ದು, ಡಿಮ್ಮರ್‌ಗೆ ಅಂತಲ್ಲ. ಈಗ ಸ್ಮಾರ್ಟ್ ಸ್ವಿಚ್ ಹಾಕಿಸೋ ಮನ್ಯಾಗ ಇರೋವು ಬಹಳ ಮಟ್ಟಿಗೆ ಅದೇ ಜಾತಿ ಬಲ್ಬ್, ತಕರಾರು ಶುರುವಾಗೋದು ಅಲ್ಲಿಂದಾನ.

ಡಿಮ್ಮರ್ ಒಳಗ ನಡಿಯೋದು ಏನು

ನಮ್ಮ ಮನಿಗೆ ಬರೋದು 230 ವೋಲ್ಟ್, 50 ಹರ್ಟ್ಝ್ ಕರೆಂಟ್. ಅದು ಸೆಕೆಂಡಿಗೆ 50 ಸಲ ಅಲಿ ಹಂಗ ಮ್ಯಾಲ ಕೆಳಗ ಆಗತೈತಿ, ಹಂಗ ಆಗೋವಾಗ 100 ಸಲ ಸೊನ್ನಿ ದಾಟತೈತಿ. ಡಿಮ್ಮರ್ ಅಂದ್ರ ವೋಲ್ಟೇಜ್ ಇಳಸತೈತಿ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಲ್ಲ. ಅದು ಪ್ರತಿ ಅರ್ಧ ಅಲಿಯಾಗಿಂದ ಒಂದು ತುಂಡು ಕತ್ತರಿಸಿ ಒಗೀತೈತಿ. ಅರ್ಧ ಅಲಿ ಅಂದ್ರ 10 ಮಿಲಿಸೆಕೆಂಡ್, ಅದರಾಗ 5 ಮಿಲಿಸೆಕೆಂಡ್ ಕತ್ತರಿಸಿದ್ರ ಉಳಿದ 5 ಮಿಲಿಸೆಕೆಂಡ್ ಅಷ್ಟ ಬಲ್ಬಿಗೆ ಕರೆಂಟ್ ಹೋಗತೈತಿ.

ಕತ್ತರಿಸೋದ್ರಾಗೂ ಎರಡು ದಾರಿ ಅದಾವ. ಅಲಿಯ ಮುಂದಿನ ತುಂಡು ಕತ್ತರಿಸೋದಕ್ಕ ಲೀಡಿಂಗ್ ಎಡ್ಜ್ ಅಂತಾರ, ಇದರಾಗ ಟ್ರಯಾಕ್ ಅನ್ನೋ ಸಣ್ಣ ಪಾರ್ಟ್ ಇರತೈತಿ, ಅಗ್ಗ, ಹಳೇ ತಿರುವೋ ಡಿಮ್ಮರ್‌ನ್ಯಾಗ ಇರೋದು ಇದೇ. ಹಿಂದಿನ ತುಂಡು ಕತ್ತರಿಸೋದಕ್ಕ ಟ್ರೇಲಿಂಗ್ ಎಡ್ಜ್ ಅಂತಾರ, ಇದಕ್ಕ ಬೇರೆ ಥರದ ಟ್ರಾನ್ಸಿಸ್ಟರ್ ಬೇಕು, ರೊಕ್ಕ ಜಾಸ್ತಿ, ಆದ್ರ ಬಲ್ಬಿಗೆ ಕರೆಂಟ್ ಸೊನ್ನಿಯಿಂದ ಮೆತ್ತಗ ಏರತೈತಿ, ಹಂಗಾಗಿ ಎಲ್‌ಇಡಿಗೆ ಹೊಂದೋದು ಬಹಳ ಸಲ ಇದಾನ.

ಹಳೇ ತಂತಿ ಬಲ್ಬಿಗೆ ಇದ್ಯಾವುದೂ ತ್ರಾಸ ಆಗತಿರಲಿಲ್ಲ. ಕಾದ ತಂತಿ 10 ಮಿಲಿಸೆಕೆಂಡಿನ್ಯಾಗ ಆರೂದಿಲ್ಲ, ಕತ್ತರಿಸಿದ ಕರೆಂಟ್ ಕೊಟ್ರ ಸ್ವಲ್ಪ ಕಡಿಮಿ ಕಾಯತೈತಿ, ಸ್ವಲ್ಪ ಮಂದ ಆಗತೈತಿ, ಬಣ್ಣ ಕೆಂಪಗ ಆಗತೈತಿ, ಮುಗೀತು.

ಎಲ್‌ಇಡಿ ಯಾಕ ತಕರಾರು ಮಾಡತೈತಿ

ಎಲ್‌ಇಡಿ ಬಲ್ಬಿನ ಬುಡದಾಗ ಡ್ರೈವರ್ ಅಂತ ಒಂದು ಸರ್ಕ್ಯೂಟ್ ಕುಂತಿರತೈತಿ. ಬಂದ ಕರೆಂಟನ್ನ ನೇರ ಮಾಡಿ ಕೆಪಾಸಿಟರ್‌ನ್ಯಾಗ ತುಂಬಿಸಿಕೊಂಡು ಅಲ್ಲಿಂದ ಎಲ್‌ಇಡಿಗೆ ಒಂದೇ ಅಳತಿಯಾಗ ಕೊಡೋದು ಅದರ ಕೆಲಸ. ನಳ ಬಂದಾಗ ಗಡಬಡಿಸಿ ಟಾಕಿ ತುಂಬಿಸಿಕೊಂಡು ಆಮ್ಯಾಲ ದಿನಾ ಹದವಾಗಿ ನೀರು ಬಳಸ್ತೀವಲ್ಲ, ಥೇಟ್ ಹಂಗ. ಅಲಿಯ ತುದಿಗೆ ಬಂದಾಗ ಅಷ್ಟ ಒಂದು ಗುಟುಕು ಜಗ್ಗತೈತಿ, ಉಳಿದ ಹೊತ್ತು ಸುಮ್ನಿರತೈತಿ.

ಈಗ ಇದರ ಮುಂದ ಡಿಮ್ಮರ್ ಇಟ್ಟು ಅಲಿ ಕತ್ತರಿಸಿದ್ರ ಏನಾಗತೈತಿ ನೋಡ್ರಿ. ಸಾದಾ ಡ್ರೈವರ್‌ಗೆ ಮಂದ ಮಾಡ್ಬೇಕು ಅಂತ ಹೇಳಿಕೊಟ್ಟಿಲ್ಲ, ಅದಕ್ಕ ಗೊತ್ತಿರೋದು ಬೆಳಕು ಒಂದೇ ಸಮ ಇಡೋದು ಅಷ್ಟ. ಕರೆಂಟ್ ಕಡಿಮಿ ಬಂತು ಅಂದ್ರ ಇನ್ನೂ ಜೋರು ಜಗ್ಗಾಕ ನೋಡತೈತಿ. ಅದಕ್ಕ ನೀವು ಸ್ಲೈಡರ್ 100ರಿಂದ 60ಕ್ಕ ಇಳಿಸಿದ್ರೂ ಬೆಳಕಿನ್ಯಾಗ ಫರಕೇ ಕಾಣಂಗಿಲ್ಲ, ಇನ್ನೂ ಇಳಿಸಿದ್ರ ಒಮ್ಮೆಲೆ ಪಟಪಟ ಅಂತ ಹತ್ತಿ ಆರಾಕ ಹತ್ತತೈತಿ ಇಲ್ಲಾ ಪೂರ್ತಿ ಹೋಗಿಬಿಡತೈತಿ. ಲೀಡಿಂಗ್ ಎಡ್ಜ್ ಇದ್ರ ಸೆಕೆಂಡಿಗೆ 100 ಸಲ ವೋಲ್ಟೇಜ್ ಒಮ್ಮೆಲೆ ಜಿಗೀತೈತಿ, ಪ್ರತಿ ಜಿಗತಕ್ಕೂ ಕೆಪಾಸಿಟರ್ ಒಳಗ ಕರೆಂಟ್ ನುಗ್ಗತೈತಿ, ಬಲ್ಬ್ ಗುಂಯ್‌ಗುಡತೈತಿ, ಬುಡ ಕಾಯತೈತಿ. ವರ್ಷಗಟ್ಟಲೆ ಬಾಳಬೇಕಾದ ಬಲ್ಬ್ ಬೇಗನ ಸಾಯೋದು ಇದಕ್ಕ.

ಡಿಮ್ಮೇಬಲ್ ಅಂತ ಮಾಡಿದ ಬಲ್ಬಿನ ಡ್ರೈವರ್ ಬೇರೆ. ಅಲಿ ಎಷ್ಟು ಕತ್ತರಿಸ್ಯಾರ ಅನ್ನೋದನ್ನ ಅದು ಅಳೀತೈತಿ, ಅದರ ಲೆಕ್ಕಕ್ಕ ಎಲ್‌ಇಡಿಗೆ ಹೋಗೋ ಕರೆಂಟ್ ಇಳಸತೈತಿ. ಆದ್ರ ಯಾವ ಡಿಮ್ಮರ್ ಇಟ್ಕೊಂಡು ಆ ಡ್ರೈವರ್ ಮಾಡ್ಯಾರ ಅನ್ನೋದ್ರ ಮ್ಯಾಲ ಎಲ್ಲಾ ನಿಂತೈತಿ. ಒಂದು ಡಿಮ್ಮರ್‌ನ್ಯಾಗ 10 ಪರ್ಸೆಂಟಿನತನಕ ಛಂದ ಇಳಿಯೋ ಬಲ್ಬು ಇನ್ನೊಂದರಾಗ 40ಕ್ಕ ಬಂದು ನಡಗಬಹುದು. ಎರಡೂ ಡಬ್ಬಿ ಮ್ಯಾಲ ಬರೆದಿದ್ದು ಸುಳ್ಳಲ್ಲ, ಒಂದಕ್ಕೊಂದು ಪರಿಚಯ ಇಲ್ಲ ಅಷ್ಟ.

ಸಿಎಫ್‌ಎಲ್ ಕತಿ ಇನ್ನೂ ಕಠಿಣ. ಅದರ ಕೊಳವಿ ತುದಿಯೊಳಗಿನ ತಂತಿ ಕಾದಿದ್ರ ಮಾತ್ರ ಒಳಗಿನ ಅನಿಲ ಸರಿಯಾಗಿ ಬೆಳಗತೈತಿ, ಕರೆಂಟ್ ಇಳಿಸಿದ್ರ ಅದೇ ಆರಾಕ ಹತ್ತತೈತಿ, ತುದಿ ಕಪ್ಪಗ ಆಗತೈತಿ. ಡಿಮ್ಮರ್‌ಗೆ ಅಂತಾನ ಮಾಡಿದ ಸಿಎಫ್‌ಎಲ್ ಬಂದಿದ್ವು, ಅವೂ ಪೂರ್ತಿ ಕೆಳಗ ಇಳೀತಿರಲಿಲ್ಲ. ಉಳಿದ ಸಿಎಫ್‌ಎಲ್ ಯಾವುದನ್ನೂ ಡಿಮ್ಮರ್ ಮ್ಯಾಲ ಹಾಕಬ್ಯಾಡ್ರಿ.

ಕಡಿಮಿ ವ್ಯಾಟೇ ಮುಳ್ಳಾಗೋದು

ಇನ್ನೊಂದು ಮಾತು ಭಾಳ ಮಂದಿ ಕಣ್ಣಿಗೆ ಬೀಳೂದಿಲ್ಲ. ಟ್ರಯಾಕ್ ಒಮ್ಮೆ ಆನ್ ಆದಮ್ಯಾಲ ಆನ್ ಉಳಿಬೇಕಂದ್ರ ಅದರೊಳಗ ಇಷ್ಟು ಅಂತ ಕರೆಂಟ್ ಹರೀತಿರಬೇಕು. ಅದಕ್ಕ ಹಳೇ ಡಿಮ್ಮರ್‌ಗೆ ಕನಿಷ್ಠ ಲೋಡ್ 40 ವ್ಯಾಟ್, 60 ವ್ಯಾಟ್ ಅಂತ ಇರತಿತ್ತು. ಹಾಲ್‌ನ್ಯಾಗ 60 ವ್ಯಾಟಿನ ಆರು ತಂತಿ ಬಲ್ಬ್ ಇದ್ದಾಗ 360 ವ್ಯಾಟ್ ಲೋಡ್ ಆಗತಿತ್ತು, ಚಿಂತಿ ಇರಲಿಲ್ಲ. ಅವೇ ಆರು ಬಲ್ಬ್ 9 ವ್ಯಾಟಿನ ಎಲ್‌ಇಡಿ ಆದ್ರ 54 ವ್ಯಾಟ್, ಒಂದೇ ಬಲ್ಬ್ ಇದ್ರ ಬರೇ 9. ಟ್ರಯಾಕ್ ಹಿಡಕೊಳ್ಳಾಕ ಆಗದ ನಡುನಡುವ ಬಿಟ್ಟುಬಿಡತೈತಿ, ನಮಗ ಕಾಣೋದು ಮಿಣುಕು.

ಹಂಗಂತ 400 ವ್ಯಾಟ್ ಅಂತ ಬರೆದ ಡಿಮ್ಮರ್‌ಗೆ 400 ವ್ಯಾಟ್ ಎಲ್‌ಇಡಿ ಹಾಕಬಹುದು ಅನ್ನೋದೂ ತಪ್ಪು. ಆ ನುಗ್ಗೋ ಕರೆಂಟಿನ ದೆಸಿಯಿಂದ ಲೀಡಿಂಗ್ ಎಡ್ಜ್ ಡಿಮ್ಮರ್ ಎಲ್‌ಇಡಿ ಲೋಡಿನ್ಯಾಗ ಸುಮಾರು ಹತ್ತನೇ ಒಂದು ಪಾಲಷ್ಟ ಹೊರತೈತಿ ಅಂತ ಇಟ್ಕೊಳ್ಳೋದು ಈ ಕಸಬಿನ ರೂಢಿ ಲೆಕ್ಕ. ಸುದೈವಕ್ಕ ಮನಿ ಲೆಕ್ಕಕ್ಕ 40 ವ್ಯಾಟ್ ಎಲ್‌ಇಡಿ ಅಂದ್ರ ಕಡಿಮಿ ಬೆಳಕಲ್ಲ.

ಆಫ್ ಮಾಡಿದ್ರೂ ಮಿಣಮಿಣ: ನ್ಯೂಟ್ರಲ್ ಕತಿ

ಸ್ಮಾರ್ಟ್ ಸ್ವಿಚ್ ಅಂದ್ರ ಅದರೊಳಗ ಒಂದು ಸಣ್ಣ ರೇಡಿಯೋ, ಒಂದು ಚಿಪ್ ಹಗಲೂ ರಾತ್ರಿ ಎಚ್ಚರ ಇರಬೇಕು, ಮೊಬೈಲ್‌ನಿಂದ ಹುಕುಂ ಬರೋದು ಕಾಯಬೇಕು. ಅದಕ್ಕ ಕರೆಂಟ್ ಬೇಕು. ಬೋರ್ಡಿನ್ಯಾಗ ಫೇಸ್ (ಕರೆಂಟ್ ತರೋ ವೈರ್) ಜೋಡಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರ್) ಇದ್ರ ತನ್ನ ಊಟ ತಾನ ಮಾಡ್ಕೋತೈತಿ. ನ್ಯೂಟ್ರಲ್ ಇಲ್ಲಂದ್ರ ಬಲ್ಬಿನ ಮೂಲಕಾನ ಸ್ವಲ್ಪ ಕರೆಂಟ್ ಹರಿಸಿ ಅದರಾಗ ಬದುಕತೈತಿ. ತಂತಿ ಬಲ್ಬಿಗೆ ಆ ಚೂರು ಕರೆಂಟ್ ಏನೂ ಅಲ್ಲ. ಎಲ್‌ಇಡಿ ಮತ್ತ ಸಿಎಫ್‌ಎಲ್‌ನ್ಯಾಗ ಅದು ಹನಿಹನಿಯಾಗಿ ಕೆಪಾಸಿಟರ್ ತುಂಬಸತೈತಿ, ತುಂಬಿದಾಗ ಬಲ್ಬ್ ಒಮ್ಮೆ ಮಿಂಚಿ ಆರತೈತಿ, ಮತ್ತ ತುಂಬತೈತಿ, ಮತ್ತ ಮಿಂಚತೈತಿ. ಸ್ವಿಚ್ ಆಫ್ ಐತಿ ಆದ್ರೂ ಕತ್ತಲಿ ಖೋಲಿಯಾಗ ಬಲ್ಬ್ ಕಣ್ಣು ಮಿಟುಕಸತೈತಿ ಅನ್ನೋದರ ಗುಟ್ಟು ಇದು, ಬಲ್ಬ್ ಕೆಟ್ಟಿಲ್ಲ.

ಇದು ವೈಫೈ ಕಾಲದ ರೋಗ ಅಲ್ಲ. 1975ರಾಗ ಸ್ಕಾಟ್ಲೆಂಡಿನ ಪಿಕೋ ಎಲೆಕ್ಟ್ರಾನಿಕ್ಸ್ ಅನ್ನೋ ಕಂಪನಿ ಎಕ್ಸ್-10 ಅಂತ ಒಂದು ಪದ್ಧತಿ ತಂತು, ಮನಿ ಕರೆಂಟ್ ವೈರಿನ ಮ್ಯಾಲಿಂದಾನ ಸಂದೇಶ ಕಳಿಸೋದು. ಅದರ ಲ್ಯಾಂಪ್ ಮಾಡ್ಯೂಲೂ ಬಲ್ಬಿನ ಮೂಲಕ ಸಣ್ಣ ಕರೆಂಟ್ ಬಿಡತಿತ್ತು, ಮುಂದ ಸಿಎಫ್‌ಎಲ್ ಬಂದಾಗ ಅದನ್ನ ಹಾಕಿಸಿದ ಮನಿಗಳಾಗೂ ಇದೇ ಮಿಣುಕಿನ ಫಿರ್ಯಾದಿ ಬಂತು. ಸ್ವಿಚ್ಚು ತಂತಿ ಬಲ್ಬಿನ ಲೆಕ್ಕಕ್ಕ ಹುಟ್ಟಿದ್ದು, ಬಲ್ಬ್ ಬದಲಾತು, ಲೆಕ್ಕ ಮಾತ್ರ ಹಳೇದ ಉಳೀತು.

ನಮ್ಮ ಕಡೆ ಮನಿಗಳಾಗ ಒಂದು ಅನುಕೂಲ ಐತಿ. ಸ್ವಿಚ್ ಬೋರ್ಡಿನ್ಯಾಗ ಪ್ಲಗ್ ಪಾಯಿಂಟ್ ಇದ್ರ ನ್ಯೂಟ್ರಲ್ ಅಲ್ಲಿಗೆ ಬಂದಿರಲೇಬೇಕು. ಬರೇ ಸ್ವಿಚ್ ಇರೋ ಬೋರ್ಡು, ಜಿನೆ ಮ್ಯಾಲ ಕೆಳಗ ಇರೋ ಟೂ-ವೇ ಸ್ವಿಚ್ಚು, ಮಂಚದ ಬಾಜೂಕ ಇರೋ ಸ್ವಿಚ್ಚು, ಇಲ್ಲೇ ನ್ಯೂಟ್ರಲ್ ಇರಾಕಿಲ್ಲ. ಬೆಳಗಾವಿಯ ಶಹಾಪುರ, ವಡಗಾವಿಯಂಥ ಹಳೇ ಭಾಗದ ಮನ್ಯಾಗ ಗ್ವಾಡಿ ಒಡದು ಹೊಸಾ ವೈರ್ ಎಳಿಯೋದು ಸಣ್ಣ ಕೆಲಸ ಅಲ್ಲ, ಹಂಗಾಗಿ ಅಡ್ಡದಾರಿ ಹುಡುಕೋ ಆಶಾ ಆಗತೈತಿ.

ಆ ಅಡ್ಡದಾರಿ ಬಗ್ಗೆ ಸ್ಪಷ್ಟ ಹೇಳಬೇಕು. ನ್ಯೂಟ್ರಲ್ ಇಲ್ಲಂತ ಅರ್ಥಿಂಗ್ ವೈರನ್ನ ನ್ಯೂಟ್ರಲ್ ಹಂಗ ಬಳಸೋದು ಜೀವಕ್ಕ ಅಪಾಯ. ಸ್ವಿಚ್ಚೇನೋ ಆನ್ ಆಗತೈತಿ, ಆ ಸಣ್ಣ ಕರೆಂಟ್ ದಿನಾ ಅರ್ಥಿಂಗ್ ವೈರಿನ್ಯಾಗ ಹರೀತೈತಿ, ಮುಂದೊಂದು ದಿನ ಆ ಅರ್ಥಿಂಗ್ ವೈರ್ ಎಲ್ಲರೆ ಕಡಿದ್ರ ಅದಕ್ಕ ಜೋಡಿಸಿರೋ ಫ್ರಿಜ್ಜಿನ ಬಾಡಿ, ವಾಷಿಂಗ್ ಮಷೀನ್ ಬಾಡಿ ಮ್ಯಾಲ ಕರೆಂಟ್ ಬರತೈತಿ. ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಮಾಡೋ ಸುರಕ್ಷತಾ ಸ್ವಿಚ್) ಹಾಕಿದ ಮನ್ಯಾಗ ಅದು ಸುಮ್ಸುಮ್ನ ಟ್ರಿಪ್ ಆಗಬಹುದು, ಆವಾಗ ಆರ್‌ಸಿಸಿಬಿನ ಕೆಟ್ಟೈತಿ ಅಂತ ತೆಗಿಸಿ ಒಗಿಯೋದು ಇನ್ನೂ ದೊಡ್ಡ ಅನಾಹುತ. ಇದಕ್ಕ ನೆಟ್ಟಗಿನ ದಾರಿ ಐತಿ. ನ್ಯೂಟ್ರಲ್ ಬೇಡದ ಜಾತಿ ಸ್ವಿಚ್ ತಗೊಂಡು ಅದರ ಜೋಡಿ ಕಂಪನಿಯವರ ಕೊಡೋ ಬೈಪಾಸ್ ಕೆಪಾಸಿಟರನ್ನ ಬಲ್ಬಿನ ಹೋಲ್ಡರ್ ಕಡೆ ಹಾಕಿಸಬೇಕು, ಆ ಹನಿ ಕರೆಂಟ್ ಬಲ್ಬ್ ಬಿಟ್ಟು ಅದರ ಮೂಲಕ ಹೋಗತೈತಿ, ಮಿಣುಕು ನಿಲ್ಲತೈತಿ.

ಯಾರು ಏನಂತಾರ

ಬಲ್ಬ್ ಕಂಪನಿಗಳ ಮಾತು: ನಾವು ಪರೀಕ್ಷಿಸಿದ ಡಿಮ್ಮರ್ ಪಟ್ಟಿ ಐತಿ, ಅದರಾಗ ಇದ್ದದ್ದ ಹಾಕ್ರಿ. ಸ್ವಿಚ್ ಮಾರೋರ ಮಾತು: ಡಿಮ್ಮೇಬಲ್ ಬಲ್ಬ್ ಯಾವುದಾದ್ರೂ ನಡೀತೈತಿ. ವಾಯರಮನ್‌ಗಳು ಡಿಮ್ಮಿಂಗೇ ಬ್ಯಾಡ, ಬರೇ ಆನ್-ಆಫ್ ರಿಲೇ (ಚಿಪ್ಪಿನ ಹುಕುಂಗೆ ನಡಿಯೋ ಸ್ವಿಚ್) ಹಾಕ್ರಿ, ತಲಿಬ್ಯಾನಿ ಇಲ್ಲ ಅಂತಾರ. ಇನ್ನೊಂದು ಗುಂಪು, ಸ್ವಿಚ್ಚಿನ ಗೊಡವೀನ ಬ್ಯಾಡ, ಬಲ್ಬೇ ಸ್ಮಾರ್ಟ್ ತಗೋರಿ ಅನ್ನತೈತಿ.

ಇದರಾಗ ವಾಯರಮನ್ ಮಾತಿಗೆ ತೂಕ ಜಾಸ್ತಿ ಐತಿ ಅನ್ನೋದು ನನ್ನ ಅಭಿಪ್ರಾಯ. ಪಟ್ಟಿ ನೋಡ್ರಿ ಅನ್ನೋದು ಸರೀನ, ಆದ್ರ ಅಂಗಡ್ಯಾಗ ನಿಂತವರ ಕೈಗೆ ಆ ಪಟ್ಟಿ ಯಾರೂ ಕೊಡಂಗಿಲ್ಲ. ಡಬ್ಬಿ ಮ್ಯಾಲಿನ ಗುರುತೂ ನೆರವಿಗೆ ಬರಂಗಿಲ್ಲ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಹೇಳೋದು ಸುರಕ್ಷತೆ ವಿಚಾರ, ಬಿಇಇ (ಕರೆಂಟ್ ಉಳಿತಾಯ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ) ಸ್ಟಾರ್ ಹೇಳೋದು ಎಷ್ಟು ವ್ಯಾಟಿಗೆ ಎಷ್ಟು ಬೆಳಕು ಅನ್ನೋದು, ಯಾವ ಡಿಮ್ಮರ್‌ಗೆ ಹೊಂದತೈತಿ ಅನ್ನೋದು ಎರಡರಾಗೂ ಇಲ್ಲ. 2022ರಾಗ ಬಂದ ಮ್ಯಾಟರ್ ಅನ್ನೋ ಹೊಸಾ ಪದ್ಧತಿ ಬೇರೆಬೇರೆ ಕಂಪನಿ ಸ್ವಿಚ್ಚು ಬಲ್ಬು ಒಂದೇ ಭಾಷೆ ಮಾತಾಡೋ ಹಂಗ ಮಾಡೈತಿ, ಅದು ಭಾಳ ಛಲೋ ಕೆಲಸ, ಆದ್ರ ಅದು ಸಂದೇಶದ ಭಾಷೆ. ಕತ್ತರಿಸಿದ ಅಲಿ ಬಲ್ಬಿನ ಡ್ರೈವರ್‌ಗೆ ಹೊಂದತೈತೋ ಇಲ್ಲೋ ಅನ್ನೋದು ಕರೆಂಟಿನ ವಿಚಾರ, ಅದನ್ನ ಮ್ಯಾಟರ್ ಮುಟ್ಟೂದಿಲ್ಲ.

ಒಂದು ಬಲ್ಬಿಗೆ ಇಬ್ಬರು ಯಜಮಾನರು

ಎಲ್ಲಕ್ಕಿಂತ ಹೆಚ್ಚು ರೊಕ್ಕ ಹಾಳಾಗೋದು ಇಲ್ಲೆ. ಸ್ಮಾರ್ಟ್ ಬಲ್ಬ್ ತನ್ನೊಳಗ ತಾನ ಮಂದ ಮಾಡ್ಕೋತೈತಿ, ಅದಕ್ಕ ಪೂರ್ತಿ ಕರೆಂಟ್ ಯಾವಾಗ್ಲೂ ಬೇಕು. ಸ್ಮಾರ್ಟ್ ಡಿಮ್ಮರ್ ಸ್ವಿಚ್ಚು ಕರೆಂಟನ್ನ ಕತ್ತರಿಸಿ ಕೊಡತೈತಿ. ಎರಡೂ ಒಂದೇ ಲೈನಿನ್ಯಾಗ ಹಾಕಿದ್ರ ಬಲ್ಬಿನ ರೇಡಿಯೋಕ್ಕ ಸರಿಯಾದ ಕರೆಂಟ್ ಸಿಗಂಗಿಲ್ಲ, ಅದು ಆಪ್‌ನ್ಯಾಗ ಆಫ್‌ಲೈನ್ ಅಂತ ಬರತೈತಿ, ರಿಸ್ಟಾರ್ಟ್ ಆಗತೈತಿ, ಕಡೀಕ ಕೆಡತೈತಿ. ಮಂದ ಮಾಡೋ ಕೆಲಸ ಬಲ್ಬಿನದೋ ಸ್ವಿಚ್ಚಿನದೋ ಅಂತ ಮೊದಲ ತೀರ್ಮಾನ ಮಾಡಬೇಕು. ಹಂಗೇ ನಾಲ್ಕು ಲೈಟು ಒಂದು ಫ್ಯಾನು ಅಂತ ಬರೋ ಮಾಡ್ಯೂಲಿನ್ಯಾಗ ಫ್ಯಾನಿನ ತಂತಿಗೆ ಬಲ್ಬ್ ಜೋಡಿಸಿ ಡಿಮ್ಮರ್ ಮಾಡ್ಕೊಳ್ಳೋದೂ ಬ್ಯಾಡ. ಫ್ಯಾನ್ ರೆಗ್ಯುಲೇಟರ್ ಮೋಟಾರಿಗೆ ಅಂತ ಮಾಡಿದ್ದು.

ಮನಿ ಮಂದಿ ರೂಢಿನೂ ಲೆಕ್ಕಕ್ಕ ಹಿಡಿರಿ. ಸ್ಮಾರ್ಟ್ ಬಲ್ಬ್ ಇರೋ ಖೋಲಿಯಾಗ ಗ್ವಾಡಿ ಸ್ವಿಚ್ ಆಫ್ ಮಾಡಿದ್ರ ಮೊಬೈಲ್ ಒತ್ತಿದ್ರೂ ಏನೂ ಆಗೂದಿಲ್ಲ. ಹಿರೇರು ಹೋಗ್ತಾ ಬರ್ತಾ ಸ್ವಿಚ್ ಆಫ್ ಮಾಡೇ ಮಾಡ್ತಾರ, ಅದು ಅವರ ತಪ್ಪಲ್ಲ, ವ್ಯವಸ್ಥಾ ಅವರಿಗೆ ಹೊಂದಬೇಕು.

ಇನ್ವರ್ಟರ್ ಮತ್ತ ನಡುರಾತ್ರಿ ಬೆಳಕು

ಹೊರಗಿನ ದೇಶದಾಗ ಬರೆದ ಸಲಹಾ ನಮ್ಮಲ್ಲಿ ಅರ್ಧಕ್ಕ ನಿಲ್ಲೋದು ಇನ್ವರ್ಟರ್ ಹತ್ರ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್‌ನ್ಯಾಗ ಕರೆಂಟ್ ದುಂಡನ ಅಲಿಯಾಗಿ ಬರಂಗಿಲ್ಲ, ಮೆಟ್ಟಲಾಗಿ ಜಿಗೀತೈತಿ. ಡಿಮ್ಮರ್ ಸೊನ್ನಿ ದಾಟೋ ಜಾಗಾ ಹುಡುಕಿ ಅಲ್ಲಿಂದ ಅಳೆದು ಕತ್ತರಸತೈತಿ, ಮೆಟ್ಟಲಿನ್ಯಾಗ ಆ ಲೆಕ್ಕ ತಪ್ಪತೈತಿ. ಅದಕ್ಕ ಹೆಸ್ಕಾಂ ಕರೆಂಟಿನ್ಯಾಗ ಸರಿ ಇದ್ದ ಡಿಮ್ಮರ್ ಕರೆಂಟ್ ಹೋದ ಕೂಡ್ಲೇ ಗುಂಯ್‌ಗುಟ್ಟಾಕ, ಬಲ್ಬ್ ನಡಗಾಕ ಹತ್ತತಾವ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ರ ಈ ತ್ರಾಸ ಬಹುತೇಕ ಇರಂಗಿಲ್ಲ.

ಪಂಪ್‌ಸೆಟ್ಟು, ಮಗ್ಗದ ಮೋಟಾರು ಒಂದೇ ಟ್ರಾನ್ಸ್‌ಫಾರ್ಮರ್ ಮ್ಯಾಲ ಇರೋ ಊರಾಗ, ಇಳಕಲ್ ರಬಕವಿ ಕಡೆ ಇದು ಹೊಸಾದಲ್ಲ, ಮೋಟಾರ್ ಶುರು ಆದಾಗ ವೋಲ್ಟೇಜ್ ಗಪ್ಪನ ಕುಸೀತೈತಿ. ಸಾದಾ ಎಲ್‌ಇಡಿ ಡ್ರೈವರ್ ಆ ಕುಸಿತ ಮುಚ್ಚಿಹಾಕತೈತಿ. ಡಿಮ್ಮರ್ ಮ್ಯಾಲಿರೋ ಬಲ್ಬ್ ಅದನ್ನೂ ಮಂದ ಮಾಡು ಅನ್ನೋ ಹುಕುಂ ಅಂತ ತಿಳ್ಕೊಂಡು ಕಣ್ಣಿಗೆ ಕಾಣೋ ಹಂಗ ಮಿಣುಕತೈತಿ.

ಕರೆಂಟ್ ವಾಪಸ್ ಬಂದಾಗಿನ ಕತಿ ಬೇರೆ. ಬಹಳಷ್ಟು ಸ್ಮಾರ್ಟ್ ಬಲ್ಬ್ ಕಂಪನಿಯಿಂದ ಬರೋವಾಗ ಕರೆಂಟ್ ಬಂದ್ರ ಪೂರ್ತಿ ಹತ್ತು ಅನ್ನೋ ಸೆಟ್ಟಿಂಗಿನ್ಯಾಗ ಇರತಾವ. ರಾತ್ರಿ ಎರಡಕ್ಕ ಕರೆಂಟ್ ಬಂತಂದ್ರ ಮಲಗೋ ಖೋಲಿ ಬಲ್ಬೆಲ್ಲಾ ಒಮ್ಮೆಲೆ ಭಗ್ಗನ ಹತ್ತತಾವ, ಸಣ್ಣ ಕೂಸು ಇರೋ ಮನ್ಯಾಗ ಇದು ದೊಡ್ಡ ತ್ರಾಸ. ಆಪ್ ಒಳಗ ಹಿಂದಿನ ಸ್ಥಿತಿಗೆ ಹೋಗು ಅನ್ನೋ ಸೆಟ್ಟಿಂಗ್ ಇರತೈತಿ, ಹಾಕಿದ ದಿನಾನೇ ಬದಲಿಸಬೇಕು. ತಗೊಳ್ಳೋಕಿಂತ ಮೊದಲೇ ಆ ಸೆಟ್ಟಿಂಗ್ ಐತೋ ಇಲ್ಲೋ ಕೇಳ್ರಿ.

ಬಿಲ್ ಕಡಿಮಿ ಆಗತೈತೇನು

ಜಾಹೀರಾತಿನ್ಯಾಗ ಉಳಿತಾಯ ಅಂತ ಹೇಳೋದನ್ನ ಒಮ್ಮೆ ಲೆಕ್ಕ ಹಾಕಿ ನೋಡೋಣ. 9 ವ್ಯಾಟಿನ ಬಲ್ಬ್ ಅರ್ಧಕ್ಕ ಇಳಿಸಿದ್ರ ಉಳಿತಾಯ ಆಗೋದು ಸುಮಾರು 4 ವ್ಯಾಟ್. ದಿನಕ್ಕ 5 ತಾಸು, 30 ದಿನ ಅಂದ್ರ 0.6 ಯೂನಿಟ್. ಆದ್ರ ಸ್ಮಾರ್ಟ್ ಸ್ವಿಚ್ಚೋ ಬಲ್ಬೋ ಎಚ್ಚರ ಇರಾಕ ಅರ್ಧದಿಂದ ಒಂದು ವ್ಯಾಟ್ ತಿಂತೈತಿ, 24 ತಾಸೂ. ತಿಂಗಳಿಗೆ 0.36ರಿಂದ 0.72 ಯೂನಿಟ್. ಅಲ್ಲಿಗೆ ಉಳಿಸಿದ್ದು ಅಲ್ಲೇ ಹೋತು. ಮನ್ಯಾಗ ಅಂಥಾವು ಹನ್ನೆರಡು ಕುಂತ್ರ ತಿಂಗಳಿಗೆ 4ರಿಂದ 8 ಯೂನಿಟ್ ಚಿಲ್ಲರೆ, ಒಂದು ಲೈಟೂ ಹಚ್ಚದನ.

ಗೃಹಜ್ಯೋತಿ ಇರೋದ್ರಿಂದ ನಮಗ ಇದು ಬರೇ ಚಿಲ್ಲರೆ ಲೆಕ್ಕ ಅಲ್ಲ. 2023ರ ಜುಲೈನಿಂದ ನಡಿಯೋ ಈ ಯೋಜನೆಯಾಗ 2022-23ರ ಸರಾಸರಿ ಬಳಕಿ ಮ್ಯಾಲ 10 ಪರ್ಸೆಂಟ್ ಸೇರಿಸಿ ಮಿತಿ ಇಟ್ಟಿದ್ರು, ಒಟ್ಟು 200 ಯೂನಿಟ್ ದಾಟಂಗಿಲ್ಲ. ಮಿತಿ ದಾಟಿದ್ರ ಹೆಚ್ಚಿನದಕ್ಕ ರೊಕ್ಕ ಕೊಡಬೇಕು, 200 ದಾಟಿದ್ರ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಬ್ಯಾಸಿಗ್ಯಾಗ ಕೂಲರ್ ಹಚ್ಚಿ 195ಕ್ಕ ಬಂದು ನಿಲ್ಲೋ ಮನಿಗೆ ಆ 8 ಯೂನಿಟ್ಟೇ ಗಡಿ ದಾಟಸತೈತಿ. ಸ್ಮಾರ್ಟ್ ಸ್ವಿಚ್ ಅನುಕೂಲಕ್ಕ ಅಂತ ಹಾಕಸ್ರಿ, ಕಾಲು ನೋವಿರೋರು ಎದ್ದು ಹೋಗದ ಲೈಟ್ ಆರಿಸಬಹುದು ಅನ್ನೋದು ನಿಜವಾದ ಲಾಭ. ಬಿಲ್ ಇಳೀತೈತಿ ಅನ್ನೋ ಆಶಾಕ್ಕ ಬ್ಯಾಡ.

ಯಾವ ಖೋಲಿಗೆ ಏನು

ಅಡಗಿಮನಿ, ಬಚ್ಚಲು, ಅಂಗಳ, ಜಿನೆ ಇಲ್ಲೆಲ್ಲಾ ಮಂದ ಬೆಳಕಿನ ಗರಜೇ ಇಲ್ಲ. ಸಾದಾ ಎಲ್‌ಇಡಿ ಇರಲಿ, ಮೊಬೈಲ್‌ನಿಂದ ಬೇಕಂದ್ರ ನ್ಯೂಟ್ರಲ್ ಜೋಡಿ ಆನ್-ಆಫ್ ರಿಲೇ ಸ್ವಿಚ್ ಸಾಕು. ಸೀಲಿಂಗಿನ್ಯಾಗ ಹತ್ತಿಪ್ಪತ್ತು ಲೈಟ್ ಒಂದೇ ರಿಲೇ ಮ್ಯಾಲ ಹಾಕೋದಿದ್ರ ಎಲ್ಲಾ ಒಟ್ಟಿಗೇ ಹತ್ತೋವಾಗಿನ ಆ ನುಗ್ಗೋ ಕರೆಂಟಿಗೆ ರಿಲೇ ಅಂಟಿಕೊಂಡು ಆಫ್ ಆಗದಂಗ ಆಗಬಹುದು, ಎರಡು ಮೂರು ಸ್ವಿಚ್ಚಿಗೆ ಹಂಚ್ರಿ.

ಮಲಗೋ ಖೋಲಿ, ಟಿವಿ ಇರೋ ಹಾಲ್, ಇಲ್ಲಿ ಮಂದ ಬೆಳಕು ಖರೇನ ಬೇಕಾಗತೈತಿ. ಒಂದೆರಡೇ ಬಲ್ಬ್ ಇದ್ರ ಗ್ವಾಡಿ ಸ್ವಿಚ್ ಸಾದಾ ಇಟ್ಟು ಸ್ಮಾರ್ಟ್ ಬಲ್ಬ್ ಹಾಕೋದೇ ಸರಳ. ಐದಾರು ಲೈಟ್ ಇದ್ರ ಟ್ರೇಲಿಂಗ್ ಎಡ್ಜ್ ಸ್ಮಾರ್ಟ್ ಡಿಮ್ಮರ್ ಮತ್ತ ಒಂದೇ ಕಂಪನಿಯ ಒಂದೇ ಮಾಡೆಲ್ಲಿನ ಡಿಮ್ಮೇಬಲ್ ಬಲ್ಬ್ ಹಾಕ್ರಿ, ಬೇರೆಬೇರೆ ಕೂಡಿಸಿದ್ರ ಒಂದು ಇಳಿಯೋವಾಗ ಇನ್ನೊಂದು ಆರತೈತಿ. ಸ್ಲೈಡರ್ 50ಕ್ಕ ಇಟ್ರೂ ಅಂಥಾ ಫರಕ್ ಕಾಣಲಿಲ್ಲಂದ್ರ ಗಾಬರಿ ಆಗಬ್ಯಾಡ್ರಿ, ಬೆಳಕು ಕಾಲು ಭಾಗಕ್ಕ ಇಳಿದಾಗ ನಮ್ಮ ಕಣ್ಣಿಗೆ ಅದು ಹೆಚ್ಚುಕಡಿಮಿ ಅರ್ಧ ಅನಸತೈತಿ. ಕೆಳಗಿನ ತುದಿಯಾಗ ಮಿಣುಕಿದ್ರ ಆಪ್‌ನ್ಯಾಗ ಕನಿಷ್ಠ ಬ್ರೈಟ್‌ನೆಸ್ ಸ್ವಲ್ಪ ಏರಿಸಿಟ್ರ ಬಹಳ ಸಲ ಸರಿ ಹೋಗತೈತಿ.

ಆರು ಬಲ್ಬ್ ಬೇಕಿದ್ರೂ ಮೊದಲ ಒಂದ ತರ್ರಿ, ತಿರಗಿ ಕೊಟ್ರ ತಗೊಳ್ಳೋ ಅಂಗಡಿಯಿಂದ, ಬಿಲ್ ಸಮೇತ. ಪೂರ್ತಿ ಇಳಿಸಿ ಅರ್ಧ ತಾಸು ಬಿಡ್ರಿ, ಗುಂಯ್ ಅನ್ನತೈತೇನು ಕೇಳ್ರಿ, ಮೊಬೈಲ್ ಕ್ಯಾಮೆರಾ ಹಿಡಿದು ಪಟ್ಟೆ ಕಾಣತಾವೇನು ನೋಡ್ರಿ, ಮೇನ್ ಆಫ್ ಮಾಡಿ ಇನ್ವರ್ಟರ್ ಮ್ಯಾಲೂ ಓಡಿಸ್ರಿ. ಒಂದರಾಗ ಪಾಸಾದ್ರೂ ಆರು ಹಾಕಿದ ಮ್ಯಾಲ ಇನ್ನೊಮ್ಮೆ ನೋಡಬೇಕು, ಯಾಕಂದ್ರ ಲೋಡ್ ಬದಲಾಗಿರತೈತಿ. ತೆಗೆದ ಹಳೇ ಸಿಎಫ್‌ಎಲ್‌ನ ಒಡದು ಕಸದ ಗಾಡಿಗೆ ಹಾಕಬ್ಯಾಡ್ರಿ, ಕಾಗದಾಗ ಸುತ್ತಿ ಬ್ಯಾರೆ ಇಟ್ಟು ಇ-ವೇಸ್ಟ್ ತಗೊಳ್ಳೋರಿಗೆ ಕೊಡ್ರಿ. ಕೈತಪ್ಪಿ ಒಡೆದ್ರ ಕಿಟಕಿ ತೆಗೆದು ಖೋಲಿಯಿಂದ ಹೊರಗ ಬಂದು ಸ್ವಲ್ಪ ಹೊತ್ತು ಗಾಳಿಯಾಡಾಕ ಬಿಡ್ರಿ, ಆಮ್ಯಾಲ ಕಸಬರಿಗಿ ಹಚ್ಚದ ರಟ್ಟಿನ ತುಂಡಿನಿಂದ ಬಳಿದು ತೆಗಿರಿ.